ಶೆಡ್ಡಿನಲ್ಲಿ ನಿಂತಿದ್ದ ಎಂಎಂ 540 ಜೀಪ್: ಸ್ಟಾರ್ಟ್ ಆಗಿ ಆಫ್ ಆಗುವುದು ನಿಂತದ್ದು ಹೀಗೆ

ವರ್ಷಗಟ್ಟಲೆ ನಿಂತ ಮಹೀಂದ್ರಾ ಡೀಸೆಲ್ ಜೀಪಿಗೆ ಮೊದಲೇ ಸೆಲ್ಫ್ ಹೊಡೆಯಬೇಡಿ, ಒಣಗಿದ ಪಿಸ್ಟನ್ ರಿಂಗುಗಳು ಸಿಲಿಂಡರಿನ ಒಳಗೋಡೆ ಗೀರುತ್ತವೆ. ಡೀಸೆಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ 10 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟು, ರಾತ್ರಿ ನೆನೆಸಿ, ಎಂಜಿನ್ ಮುಂದಿನ ಕ್ರ್ಯಾಂಕ್ ಪುಲ್ಲಿಯನ್ನು ಕೈಯಿಂದಲೇ ತಿರುಗಿಸಿದೆ. ಆಮೇಲಷ್ಟೇ ಸೆಲ್ಫ್ ಹೊಡೆದು ಹೆಚ್ಚುವರಿ ಆಯಿಲ್ ಹೊರಹಾಕಿದ್ದು. ಇಂಜೆಕ್ಟರ್ ಕೂರಿಸುವಾಗ ತಾಮ್ರದ ವಾಷರ್ ಹೊಸದೇ ಇರಲಿ.

ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಡೀಸೆಲ್ ಲೈನಿನ ಏರ್ ತೆಗೆದರೂ ಅರೆನಿಮಿಷಕ್ಕೆ ಎಂಜಿನ್ ಆಫ್. ಇಂಜೆಕ್ಷನ್ ಪಂಪ್ ಬಿಚ್ಚಿಸುವ ಮೊದಲು ಟ್ಯಾಂಕಿನಿಂದ ಫೀಡ್ ಪಂಪಿಗೆ (ಡೀಸೆಲ್ ಎಳೆದು ಮುಂದೆ ಕಳಿಸುವ ಪಂಪ್) ಬರುವ ರಬ್ಬರ್ ಹೋಸ್ ನೋಡಿ. ಇಲ್ಲಿ ಅದು ಕ್ಲಿಪ್ ಕೆಳಗೆ ಬಿರಿದಿತ್ತು. ಆ ಭಾಗದಲ್ಲಿ ಫೀಡ್ ಪಂಪ್ ಎಳೆಯುವುದರಿಂದ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಸೇರುತ್ತದೆ. ಕಣ್ಣಿಗೆ ಬೀಳುವುದೇ ಇಲ್ಲ. ಹೋಸ್, ಕ್ಲಿಪ್ ಬದಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಯಿಂದ ಡೀಸೆಲ್ ತುಂಬಿಸುವ ಹ್ಯಾಂಡ್ ಪ್ರೈಮರ್ ಒತ್ತಿದ ಮೇಲೆ ಐಡಲಿಂಗ್ ಸರಿಯಾಯಿತು.

ಎಂಜಿನ್ ಸರಿಯಾದರೂ ಬ್ರೇಕಿನ ವೀಲ್ ಸಿಲಿಂಡರ್ ರಬ್ಬರ್ ಬದಲಿಸದೆ ರಸ್ತೆಗಿಳಿಸಬೇಡಿ.