ಸ್ಪ್ಯಾನಿಷ್ ಕಲಿಯಲು ಗ್ವಾಟೆಮಾಲಾಕ್ಕೆ ಹೊರಡುವ ಮುಂಚೆ: ಕೊಡಗಿನಿಂದ ಹೋಗಿ ಬಂದವಳ ಮಾತು

ಭಾಗಮಂಡಲದ ಹತ್ತಿರ ನಮ್ಮದೊಂದು ಸಣ್ಣ ಅರೇಬಿಕಾ ಕಾಫಿ ತೋಟ. ಹಣ್ಣನ್ನು ಮನೆಯಲ್ಲೇ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿ, ಬೇರೆ ಬೇರೆ ರೀತಿಯಲ್ಲಿ ಹದ ಮಾಡಿ ಒಣಗಿಸುವ ಆಸೆ ನನಗೆ ಹತ್ತಿ ಆರೇಳು ವರ್ಷ ಆಯಿತು. ಹುಡುಕುತ್ತಾ ಹೋದ ಹಾಗೆ ನನಗೆ ಬೇಕಾದ ವಿಡಿಯೊಗಳೆಲ್ಲ ಸ್ಪ್ಯಾನಿಷ್‌ನಲ್ಲೇ ಸಿಗುತ್ತಿದ್ದವು. ತೊಟ್ಟಿಯ ಮುಂದೆ ನಿಂತು ಒಬ್ಬ ರೈತ ಏನೋ ಮುಖ್ಯವಾದ್ದನ್ನು ಹೇಳುತ್ತಿದ್ದಾನೆ, ನನಗೆ 'ಕಫೆ' ಅನ್ನೋದು ಬಿಟ್ಟು ಬೇರೇನೂ ತಿಳಿಯುತ್ತಿಲ್ಲ. ಶುರುವಾದದ್ದು ಹಾಗೆ. ಕೊನೆಗೆ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಆಂತಿಗ್ವಾ ಊರಿಗೆ ಹೋಗಿ ಆರು ವಾರ ಕೂತು ಕಲಿತು ಬಂದೆ.

ಈಗ ನಮ್ಮ ಕಡೆಯ ಮೂರ್ನಾಲ್ಕು ಮಕ್ಕಳು "ಅಕ್ಕಾ, ಹೇಗೆ ತಯಾರಾಗೋದು?" ಅಂತ ಕೇಳುತ್ತಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲಕ್ಕಿಂತ ಮುಂಚೆ ಒಂದು ಮಾತು. ಸ್ಪ್ಯಾನಿಷ್ ಕಲಿಯಲು ಇಂಗ್ಲಿಷ್ ದಾರಿ ಹಿಡಿಯಬೇಡಿ. ಕನ್ನಡದಿಂದ ನೇರವಾಗಿ ಹೋಗಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಊರು, ತಿಂಗಳು

ಉಷ್ಣವಲಯದ ದೇಶ ಅಂದ ಕೂಡಲೇ ಎಲ್ಲರೂ ಹತ್ತಿ ಬಟ್ಟೆ, ಟೋಪಿ ತುಂಬಿಸಿಕೊಳ್ಳುತ್ತಾರೆ. ನಾವು ಹಾಗೆ ಮೋಸ ಹೋಗಬಾರದು. ಮಡಿಕೇರಿಯೂ ಉಷ್ಣವಲಯದಲ್ಲೇ ಇದೆ, ಅಲ್ವಾ? ಆಂತಿಗ್ವಾ ಇರುವುದು ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರದಲ್ಲಿ, ಅಂದರೆ ಮಡಿಕೇರಿಗಿಂತ ಮುನ್ನೂರು ಮೀಟರ್‌ಗಿಂತ ಜಾಸ್ತಿ ಮೇಲೆ. ಬೆಳಗ್ಗೆ, ಸಂಜೆ ಸ್ವೆಟರ್ ಬೇಕೇ ಬೇಕು. ಊರಿನ ಸುತ್ತ ಕಾಫಿ ತೋಟ. ನೆರಳಿಗೆ ನೆಟ್ಟಿರುವುದು ನಮ್ಮದೇ ಸಿಲ್ವರ್ ಓಕ್. ಅವರು ಅದನ್ನು ಗ್ರಾವಿಲೇಯಾ ಅನ್ನುತ್ತಾರೆ. ಮೊದಲ ದಿನ ಆ ಮರಗಳನ್ನು ನೋಡಿ ನನಗೆ ಅರ್ಧ ಭಯ ಹೋಯಿತು.

ತೋಟ ಇರುವವರಿಗೆ ಸರಿಯಾದ ಸಮಯ ನಮ್ಮ ಮುಂಗಾರು ಇಳಿದ ಮೇಲೆ, ಕೊಯ್ಲಿಗೆ ಮುಂಚೆ. ನಾನು ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಮುಹೂರ್ತ ಹಬ್ಬ ಮುಗಿಸಿ ಹೊರಟು, ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಹೊತ್ತಿಗೆ ಮನೆ ಸೇರಿದೆ. ಅಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲ, ಸೆಪ್ಟೆಂಬರ್‌ನಲ್ಲಿ ಜೋರು. ಆದರೆ ನಮ್ಮ ಹಾಗೆ ವಾರಗಟ್ಟಲೆ ಬಿಡದೆ ಸುರಿಯುವುದಿಲ್ಲ. ಹೆಚ್ಚಾಗಿ ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಮಳೆ. ಕೊಡಗಿನವರು ಆ ಮಳೆಗೆ ಹೆದರಿ ತಿಂಗಳು ಬದಲಿಸಬೇಕಿಲ್ಲ. ಸೆಪ್ಟೆಂಬರ್ 15 ಅವರ ಸ್ವಾತಂತ್ರ್ಯ ದಿನ. ಹಿಂದಿನ ದಿನ ಮಕ್ಕಳು, ದೊಡ್ಡವರು ಪಂಜು ಹಿಡಿದು ರಸ್ತೆ ತುಂಬಾ ಓಡುತ್ತಾರೆ, ಅದೊಂದು ಚಂದ. ಈಸ್ಟರ್ ವಾರದಲ್ಲಿ ಮಾತ್ರ ಊರು ತುಂಬಿ ತುಳುಕುತ್ತದೆ. ಆಗ ಹೋಗುವುದಾದರೆ ಮನೆ, ಕ್ಲಾಸು ಎರಡನ್ನೂ ತಿಂಗಳುಗಳ ಮುಂಚೆಯೇ ಮಾತಾಡಿ ಇಡಬೇಕು.

ಕಾಗದಪತ್ರ

ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ, ನೀವು ತಿನ್ನಬೇಡಿ. ಭಾರತದಿಂದ ಗ್ವಾಟೆಮಾಲಾಕ್ಕೆ ನೇರ ವಿಮಾನ ಇಲ್ಲ. ಒಬ್ಬ ಏಜೆಂಟ್ ನನಗೆ ಅಮೆರಿಕದ ಮೂಲಕ ಹೋಗುವ ಟಿಕೆಟ್ ಮಾಡಿಕೊಟ್ಟರು. "ಮೂರು ಗಂಟೆ ಅಲ್ಲಿ ನಿಂತು ವಿಮಾನ ಬದಲಿಸೋದು ಅಷ್ಟೇ" ಅಂದರು. ಸುಮ್ನೆ ವಿಮಾನ ಬದಲಿಸಲು ಇಳಿದರೂ ನಮಗೆ ಅಮೆರಿಕದ ವೀಸಾ ಬೇಕು ಅನ್ನೋದು ಗೊತ್ತಾದದ್ದು ಹೊರಡಲು ಮೂರು ವಾರ ಇರುವಾಗ. ಟಿಕೆಟ್ ರದ್ದಾಯಿತು, ಅರ್ಧಕ್ಕಿಂತ ಜಾಸ್ತಿ ದುಡ್ಡು ಹೋಯಿತು, ಆ ವರ್ಷದ ಪ್ರಯಾಣವೇ ನಿಂತಿತು. ಅದು ಒಂದು ಕೊಯ್ಲಿನ ಲಾಭದಿಂದ ಎತ್ತಿಟ್ಟ ದುಡ್ಡು.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಪಾಸ್‌ಪೋರ್ಟ್ ನೋಡಿ, ವಾಪಸ್ ಬರುವ ದಿನದ ಮೇಲೂ ಆರು ತಿಂಗಳು ಬಾಕಿ ಇರಬೇಕು. ಆಮೇಲೆ ದೆಹಲಿಯ ಗ್ವಾಟೆಮಾಲಾ ರಾಯಭಾರ ಕಚೇರಿಗೆ ನೀವೇ ಬರೆದು ವೀಸಾ ನಿಯಮ ಕೇಳಿ, ಅದು ಆಗಾಗ ಬದಲಾಗುತ್ತದೆ. ನಂತರ ದಾರಿಯಲ್ಲಿ ಸಿಗುವ ಪ್ರತಿ ದೇಶದ ಟ್ರಾನ್ಸಿಟ್ ನಿಯಮ. ಯುರೋಪಿನ ಕೆಲವು ದೇಶಗಳಲ್ಲೂ ವಿಮಾನ ನಿಲ್ದಾಣದೊಳಗೆ ಕಾಯಲು ನಮಗೆ ವೀಸಾ ಕೇಳುತ್ತಾರೆ. ಇಷ್ಟೂ ಕೈಗೆ ಬಂದ ಮೇಲೆ ಟಿಕೆಟ್. ಅಮೆರಿಕದ ವೀಸಾ ಸಂದರ್ಶನಕ್ಕೆ ನಾನು ಚೆನ್ನೈಗೆ ಹೋದೆ. ದಿನಾಂಕ ಸಿಗುವುದಕ್ಕೇ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ವಾಪಸ್ ಬರುವಾಗ ಕೊಲಂಬಿಯಾ, ಪನಾಮಾ ಕಡೆ ಸುತ್ತಿ ಬರುವ ಆಸೆ ಇದ್ದರೆ ಹಳದಿ ಜ್ವರದ ಲಸಿಕೆ ಹಾಕಿಸಿ ಸರ್ಟಿಫಿಕೇಟ್ ಇಟ್ಟುಕೊಳ್ಳಿ. ಅದಿಲ್ಲದೆ ಆ ದೇಶಗಳಿಂದ ಬಂದಿಳಿದವರನ್ನು ನಮ್ಮಲ್ಲೇ ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲಷ್ಟೇ ಸರ್ಟಿಫಿಕೇಟ್ ಲೆಕ್ಕಕ್ಕೆ ಬರುತ್ತದೆ. ಟೈಫಾಯ್ಡ್, ಹೆಪಟೈಟಿಸ್ ಎ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಕೇಳಿ. ಅಲ್ಲಿ ನಲ್ಲಿ ನೀರು ಕುಡಿಯಬೇಡಿ.

ಮೂರು ತಿಂಗಳ ಓದು

ಮೊದಲ ತಿಂಗಳು ನಾನೂ ಇಂಗ್ಲಿಷ್ ಪುಸ್ತಕ ಹಿಡಿದು ಕೂತೆ. 'ಮೆ ಗುಸ್ತಾ ಎಲ್ ಕಫೆ' ಅನ್ನುವ ಒಂದು ವಾಕ್ಯಕ್ಕೆ ಅದರಲ್ಲಿ ಒಂದು ಪುಟ ವಿವರಣೆ. ಇಂಗ್ಲಿಷ್‌ನಲ್ಲಿ ಇಷ್ಟಪಡುವವನು ಮುಂದೆ ಬರುತ್ತಾನೆ, ಸ್ಪ್ಯಾನಿಷ್‌ನಲ್ಲಿ ಹಾಗಲ್ಲ, ಅದಕ್ಕೇ ಅಷ್ಟು ಒದ್ದಾಟ. ಒಂದು ಸಂಜೆ ಒಲೆ ಮುಂದೆ ಕೂತು ಅದನ್ನು ಕನ್ನಡದಲ್ಲಿ ಹೇಳಿ ನೋಡಿದೆ. ನನಗೆ ಕಾಫಿ ಇಷ್ಟ. ಮುಗಿಯಿತು! 'ಮೆ' ಅಂದರೆ 'ನನಗೆ'. 'ಮೆ ದ್ವೆಲೆ ಲಾ ಕಬೇಸಾ', ನನಗೆ ತಲೆ ನೋಯುತ್ತಿದೆ. ಆ ಪುಸ್ತಕವನ್ನು ಅವತ್ತೇ ಎತ್ತಿಟ್ಟೆ. ಒಂದು ನೂರು ಪುಟದ ನೋಟ್‌ಬುಕ್ ತಂದು ಕನ್ನಡ ಅಕ್ಷರದಲ್ಲೇ ಬರೆಯಲು ಶುರು ಮಾಡಿದೆ. ನೀವೂ ಮೊದಲ ವಾರದಿಂದಲೇ ಹಾಗೆ ಮಾಡಿ.

ಹಾಗೆ ಬರೆದರೆ ಒಂದೊಂದಾಗಿ ಬಾಗಿಲು ತೆರೆಯುತ್ತದೆ. ಕನ್ನಡದಲ್ಲಿ 'ನಾನು' ಅನ್ನದೆಯೇ 'ಮಾತಾಡುತ್ತೇನೆ' ಅಂದರೆ ಯಾರು ಅಂತ ಗೊತ್ತಾಗುತ್ತದೆ. ಅವರದ್ದೂ ಹಾಗೇ: ಆಬ್ಲೊ ಅಂದರೆ ಮಾತಾಡುತ್ತೇನೆ, ಆಬ್ಲಾಸ್ ಅಂದರೆ ಮಾತಾಡುತ್ತೀಯ, ಆಬ್ಲಾಮೊಸ್ ಅಂದರೆ ಮಾತಾಡುತ್ತೇವೆ. ನೀನು, ನೀವು ಎರಡೂ ಅಲ್ಲಿವೆ. ನೀವು ಅನ್ನುವುದಕ್ಕೆ 'ಉಸ್ತೆದ್'. ಗ್ವಾಟೆಮಾಲಾದಲ್ಲಿ ಗೆಳೆಯರ ಮಧ್ಯೆ 'ವೊಸ್' ಓಡುತ್ತದೆ, ಆದರೆ ಹೊಸಬರು 'ಉಸ್ತೆದ್' ಹಿಡಿದುಕೊಂಡರೆ ಎಲ್ಲೂ ತಪ್ಪಾಗದು.

'ಸೆರ್' ಮತ್ತು 'ಎಸ್ತಾರ್' ಅಂತ ಎರಡು ಕ್ರಿಯಾಪದ ಇವೆ, ಎರಡಕ್ಕೂ ಇಂಗ್ಲಿಷ್‌ನಲ್ಲಿ ಒಂದೇ ಪದ, ಎಲ್ಲರೂ ಅಲ್ಲೇ ಎಡವುತ್ತಾರೆ. ನನಗೆ ದಾರಿ ತೋರಿಸಿದ್ದು ಇದು: ಕನ್ನಡದಲ್ಲಿ ಕ್ರಿಯಾಪದವೇ ಬೇಡದ ಕಡೆ ಹೆಚ್ಚಾಗಿ ಸೆರ್, 'ಇರು' ಬರುವ ಕಡೆ ಹೆಚ್ಚಾಗಿ ಎಸ್ತಾರ್. 'ನಾನು ಕೊಡಗಿನವಳು' ಅನ್ನುವಲ್ಲಿ ಸೆರ್‌ನ ರೂಪ ಸೊಯ್. 'ನಾನು ಮಡಿಕೇರಿಯಲ್ಲಿದ್ದೇನೆ' ಅನ್ನುವಲ್ಲಿ ಎಸ್ತಾರ್‌ನ ರೂಪ ಎಸ್ತೊಯ್. 'ಕಾಫಿ ಬಿಸಿ ಇದೆ' ಅನ್ನುವಲ್ಲಿ ಎಸ್ತಾ. ಇದು ಎಲ್ಲ ಕಡೆ ನಡೆಯದು. 'ಅವಳು ಎತ್ತರ ಇದ್ದಾಳೆ' ಅನ್ನುವಲ್ಲಿ ಸೆರ್ ಬರುತ್ತದೆ. ಆದರೂ ಮೊದಲ ಎರಡು ತಿಂಗಳಿಗೆ ಇಷ್ಟು ಸಾಕು.

ಕನ್ನಡ ಕೈಬಿಡುವ ಜಾಗ ಒಂದಿದೆ. ನಮ್ಮಲ್ಲಿ ಮೇಜು, ಮರ, ಕಾಫಿ ಎಲ್ಲವೂ 'ಅದು'. ಅವರಲ್ಲಿ ಪ್ರತಿ ವಸ್ತುವೂ ಗಂಡು ಇಲ್ಲವೇ ಹೆಣ್ಣು. ಇದಕ್ಕೆ ಅಡ್ಡದಾರಿ ಇಲ್ಲ. ಮೇಜಿಗೆ ಬರೀ 'ಮೇಸಾ' ಅಂತ ಬರೆಯಬೇಡಿ, ಹೆಣ್ಣು ಅಂತ ತೋರಿಸುವ 'ಲಾ' ಸೇರಿಸಿ 'ಲಾ ಮೇಸಾ' ಅಂತಲೇ ಬರೆದು ಬಾಯಿಪಾಠ ಮಾಡಿ.

ಇನ್ನು ಉಚ್ಚಾರ. ಅವರ ತ, ದ ನಮ್ಮ ತ, ದ ತರಹವೇ. ಟ, ಡ ಮಾಡಬೇಡಿ. ವ ಬರೆದರೂ ಬ ಅನ್ನುತ್ತಾರೆ. ನಮ್ಮ ಹಿರಿಯರು ವರ್ಷವನ್ನು ಬರುಷ ಮಾಡಿದ ಹಾಗೆ. 'ಪೆರೊ' ಅಂದರೆ ಆದರೆ, 'ಪೆರ್ರೊ' ಅಂದರೆ ನಾಯಿ. ಆ ಒತ್ತಿದ ರ ಬರಲ್ಲ ಅಂತ ಇಂಗ್ಲಿಷ್ ಮಾತಾಡುವವರು ಅಳುತ್ತಾರೆ. ನಮಗೆ 'ಮರ' ಅನ್ನುವಲ್ಲಿ ಒಂದು ರ ಇದೆ, 'ಕರ್ರಗೆ' ಅನ್ನುವಲ್ಲಿ ಇನ್ನೊಂದು ಇದೆ. ಅಷ್ಟೇ ಸಾಕು.

ನನಗೆ ಕಷ್ಟ ಆದದ್ದು ನಾನು ಎಣಿಸಿಯೇ ಇರದ ಕಡೆ. ನಾವು 'ಎಲ್ಲಿ' ಅಂತ ಬರೆದು 'ಯೆಲ್ಲಿ' ಅನ್ನುತ್ತೇವೆ, 'ಒಂದು' ಬರೆದು 'ವೊಂದು' ಅನ್ನುತ್ತೇವೆ. ಬೇಕರಿಯಲ್ಲಿ ಒಂದು ಬನ್ನಿನ ಕಡೆ ಬೆರಳು ತೋರಿಸಿ 'ಎಸೊ', ಅಂದರೆ 'ಅದು', ಅಂದೆ. ಅಂಗಡಿಯವರಿಗೆ ಕೇಳಿಸಿದ್ದು 'ಯೆಸೊ', ಅಂದರೆ ಗೋಡೆಗೆ ಬಳಿಯುವ ಪ್ಲಾಸ್ಟರ್. ಅವರು ನನ್ನ ಮುಖ, ಗೋಡೆ ಎರಡನ್ನೂ ನೋಡಿದರು. ಮರುದಿನ ಟೀಚರ್ ಒಂದು ಕನ್ನಡಿ ತಂದು ಎದುರಿಗಿಟ್ಟರು. ಎ ಅನ್ನುವಾಗ ನಾಲಿಗೆ ಮೇಲಕ್ಕೆ ಹೋಗದೆ ಬಾಯಿ ಮೊದಲೇ ತೆರೆದಿರಬೇಕು. ಎಸ್ತೊಯ್, ಎಲ್, ಎಸೊ, ಓಚೊ. ಹತ್ತು ನಿಮಿಷ ಇದನ್ನೇ ಹೇಳಿಸಿದರು. ಇದನ್ನು ನೀವು ಮನೆಯಲ್ಲೇ, ಹೊರಡುವ ಮುಂಚೆಯೇ ಮಾಡಬಹುದು.

ಪದಗಳನ್ನು ನಿಮ್ಮ ಕೆಲಸದಿಂದಲೇ ಎತ್ತಿಕೊಳ್ಳಿ. ನಾನು ಕಣದಲ್ಲಿ, ತೋಟದಲ್ಲಿ ಹೇಳಿಕೊಳ್ಳುತ್ತಾ ಓಡಾಡಿದೆ. ಸೊಂಬ್ರಾ ನೆರಳು, ಪೋದಾ ಕಪಾತು (ಗಿಡದ ಕೊಂಬೆ ಸವರುವುದು), ಸೆರೇಸಾ ಹಣ್ಣು, ಬ್ರೋಕಾ ಕಾಯಿಕೊರಕ ಹುಳ. ಸಿಪ್ಪೆ ತೆಗೆದು ಒಣಗಿಸಿದ, ಹೊಟ್ಟು ಇನ್ನೂ ಇರುವ ಬೀಜಕ್ಕೆ ನಾವು ಪಾರ್ಚ್‌ಮೆಂಟ್ ಅನ್ನುವುದು ಅವರಿಗೆ ಪೆರ್ಗಮೀನೊ. ಪೋರ್ಚುಗೀಸರ ಕಾಲದಿಂದ ನಮ್ಮ ಬಾಯಲ್ಲಿರುವ ಕೆಲವು ಪದಗಳು ಅಲ್ಲಿ ನೆಂಟರ ಹಾಗೆ ಎದುರಾಗುತ್ತವೆ. ಬಾಲ್ದಿ ಅಲ್ಲಿ ಬಾಲ್ದೆ, ಅಲಮಾರು ಅರ್ಮಾರಿಯೊ, ಪಗಾರ ಕೊಡುವುದು ಪಗಾರ್.

ಸರ್ಟಿಫಿಕೇಟ್ ಬೇಕು ಅನ್ನುವವರು ಸ್ಪ್ಯಾನಿಷ್ ಭಾಷೆಯ ಡೆಲೆ ಪರೀಕ್ಷೆಯ ಬಗ್ಗೆ ದೆಹಲಿಯ ಇನ್‌ಸ್ತಿತೂತೊ ಸೆರ್ವಾಂತೆಸ್‌ನಲ್ಲಿ ವಿಚಾರಿಸಿ. ನನಗೆ ಬೇಕಿರಲಿಲ್ಲ.

ನಿಮ್ಮ ಊರಿನ ಹತ್ತು ವಾಕ್ಯ

ಇದನ್ನು ಯಾರೂ ಹೇಳಿಕೊಡಲಿಲ್ಲ, ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ಆಂತಿಗ್ವಾದ ಶಾಲೆಗಳಲ್ಲಿ ಸಾಮಾನ್ಯವಾಗಿ ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಟೀಚರ್, ದಿನಕ್ಕೆ ನಾಲ್ಕು ಗಂಟೆ. ಉಳಿದ ಹೊತ್ತು ಒಂದು ಕುಟುಂಬದ ಮನೆಯಲ್ಲಿ ಊಟ, ವಾಸ. ಎಲ್ಲರೂ ಕೇಳುವುದು ಒಂದೇ: ನಿಮ್ಮ ಊರು ಹೇಗಿದೆ? ಅದಕ್ಕೆ ಹತ್ತು ವಾಕ್ಯ ಬರೆದು, ಬಾಯಿಗೆ ಬರುವವರೆಗೆ ಹೇಳಿ ಹೇಳಿ ಹೋಗಿ.

ನಾನಿದ್ದ ಮನೆಯ ಅಜ್ಜಿ ಒಂದು ರಾತ್ರಿ ಫ್ವೆಗೊ ಜ್ವಾಲಾಮುಖಿಯ ಮಾತು ತೆಗೆದರು. ಅದು ಊರಿಂದಲೇ ಕಾಣುತ್ತದೆ, ಆಗಾಗ ಹೊಗೆ ಬಿಡುತ್ತಿರುತ್ತದೆ. 2018ರ ಜೂನ್‌ನಲ್ಲಿ ಅದು ಸಿಡಿದಾಗ ಸಾನ್ ಮಿಗೆಲ್ ಲೊಸ್ ಲೋತೆಸ್ ಅನ್ನುವ ಹಳ್ಳಿಯೇ ಹೂತುಹೋಯಿತು. ಅವರು ಹೇಳಿ ಮುಗಿಸಿದ ಮೇಲೆ ನಾನು ಸುಮ್ಮನಿರಲಾರದೆ ಹೋದೆ. ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲೂ ಬೆಟ್ಟಗಳು ಜಾರಿದ್ದವು. ಮಕ್ಕಂದೂರು, ಜೋಡುಪಾಲ ಅಂದರೆ ನಮಗೆ ಈಗಲೂ ಎದೆ ಹಿಂಡುತ್ತದೆ. ಆದರೆ ನನ್ನ ಹತ್ತಿರ ಪದ ಇರಲಿಲ್ಲ. ಮಳೆ ಗೊತ್ತಿತ್ತು, ಮನೆ ಗೊತ್ತಿತ್ತು. 'ಕುಸಿಯಿತು' ಗೊತ್ತಿರಲಿಲ್ಲ. ಮೇಜಿನ ಮೇಲಿದ್ದ ಬಟ್ಟೆಯನ್ನು ಗುಡ್ಡೆ ಮಾಡಿ ಕೈಯಿಂದ ಕೆಳಗೆ ಎಳೆದು ತೋರಿಸಿದೆ. ಅಜ್ಜಿ ನನ್ನ ಕೈ ಹಿಡಿದು ನಿಧಾನವಾಗಿ ಹೇಳಿದರು: 'ಸೆ ದೆರ್ರುಂಬೊ ಎಲ್ ಸೆರ್ರೊ.' ಬೆಟ್ಟ ಕುಸಿಯಿತು. ಆ ಎರಡು ಒತ್ತಿದ ರ ನಾನು ಅವತ್ತು ಒಂದೇ ಸಲಕ್ಕೆ ಸರಿಯಾಗಿ ಹೇಳಿದೆ.

ಚೀಲಕ್ಕೆ

ಸ್ವೆಟರ್, ಒಳ್ಳೆಯ ಮಳೆ ಜಾಕೆಟ್, ಕಲ್ಲು ಹಾಸಿನ ರಸ್ತೆಗೆ ಗಟ್ಟಿ ಶೂ. ಅಲ್ಲಿ ವಿದ್ಯುತ್ 120 ವೋಲ್ಟ್, ಚಪ್ಪಟೆ ಪಿನ್ನಿನ ಪ್ಲಗ್. ಫೋನ್ ಚಾರ್ಜರ್‌ಗೆ ಅಡಾಪ್ಟರ್ ಸಾಕು, ಇಲ್ಲಿಯ ನೀರು ಕಾಯಿಸುವ ಕೆಟಲ್ ಅಲ್ಲಿ ಕೆಲಸಕ್ಕೆ ಬಾರದು. ಅಲ್ಲಿಯ ಹಣ ಕೆತ್ಸಾಲ್. ಒಂದು ಡಾಲರ್‌ಗೆ ಏಳೂವರೆಯ ಮೇಲೆ ಸಿಗುತ್ತದೆ. ರೂಪಾಯಿ ಅಲ್ಲಿ ನಡೆಯದು, ಡಾಲರ್ ಒಯ್ಯಿರಿ, ಹೊಸ ನೋಟೇ ಇರಲಿ. ಪೆನ್ನಿನ ಗೀರು ಇದ್ದ ನನ್ನ ಒಂದು ನೋಟನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು.

ಊಟಕ್ಕೆ ಹೆದರಬೇಡಿ. ಕಪ್ಪು ಬೀನ್ಸ್ ಕಾಳು, ಮೆಕ್ಕೆಜೋಳದ ರೊಟ್ಟಿ ತೋರ್ತಿಯಾ ದಿನಾ ಇರುತ್ತದೆ. ತೋರ್ತಿಯಾಕ್ಕೆ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆಯುತ್ತಾರೆ, ಕೈಯಲ್ಲೇ ತಟ್ಟುತ್ತಾರೆ. ಬೆಳಗ್ಗೆ ಆ ಸದ್ದು ಕೇಳಿದರೆ ನಮ್ಮ ಮನೆಯ ಅಕ್ಕಿ ರೊಟ್ಟಿ ನೆನಪಾಗುತ್ತಿತ್ತು. ನಮ್ಮ ಸೀಮೆಬದನೆ ಅಲ್ಲಿ ಗ್ವಿಸ್ಕಿಲ್, ಬೆಣ್ಣೆಹಣ್ಣು ಅಗ್ವಕಾತೆ. ಮಾಂಸ ತಿನ್ನದವರು ಶಾಲೆಗೆ ಮೊದಲೇ ಬರೆದು ತಿಳಿಸಬೇಕು.

ಮನೆಯವರಿಗೆ ಉಡುಗೊರೆ ಅಂತ ನಾನು ಏಲಕ್ಕಿ ಒಯ್ದೆ. ಪ್ರಪಂಚಕ್ಕೇ ಅತಿ ಹೆಚ್ಚು ಏಲಕ್ಕಿ ಮಾರುವ ದೇಶ ಗ್ವಾಟೆಮಾಲಾ ಅನ್ನೋದು ಅಲ್ಲಿ ಹೋದ ಮೇಲೆ ತಿಳಿಯಿತು. ಆದರೆ ಅದನ್ನು ಮನೆ ಅಡುಗೆಗೆ ಬಳಸುವುದು ತೀರಾ ಕಡಿಮೆ. ಹಾಗಾಗಿ ಏಲಕ್ಕಿ ಟೀ ಮಾಡಿಕೊಟ್ಟಾಗ ಎಲ್ಲರಿಗೂ ಅದು ಹೊಸದೇ ಆಯಿತು. ಬರುವಾಗ ಮಾತ್ರ ಬೀಜ, ಸಸಿ ಏನೂ ತರಬೇಡಿ. ಅಲ್ಲಿಯ ತೋಟದಲ್ಲಿ ತಿರುಗಿದ ಶೂ ಚೆನ್ನಾಗಿ ತೊಳೆದು, ಒಣಗಿಸಿ ಚೀಲಕ್ಕೆ ಹಾಕಿ. ರೋಗ ನಮ್ಮ ತೋಟಕ್ಕೆ ಬರುವುದು ಬೇಡ.

ಬಂದ ಮೇಲೆ ಭಾಷೆ ಬೇಗ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆಯಾದರೂ ಆ ಮನೆಗೆ ಫೋನ್ ಮಾಡಿ. ನಮಗೂ ಅವರಿಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ನಾನು ಭಾನುವಾರ ಸಂಜೆ ಆರಕ್ಕೆ ಮಾಡುತ್ತೇನೆ, ಅಲ್ಲಿ ಬೆಳಗ್ಗೆ ಆರೂವರೆ. ಅಜ್ಜಿ ಫೋನ್ ಎತ್ತಿದ ಕೂಡಲೇ ಕೇಳುವುದು 'ಯಾ ಯೊವಿಯೊ?' ಮಳೆ ಬಂತಾ?