ಡ್ರಾಯಿಂಗ್‌ನಲ್ಲಿ ನ್ಯೂಟನ್, ಡಯಲ್‌ನಲ್ಲಿ ಕೆಜಿ: ಲೆಕ್ಕ ಹೇಗೆ?

ಪುಣೆಯ ಭೋಸರಿಯಲ್ಲಿ ಸ್ಪ್ರಿಂಗ್ ಮಾಡುವ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ನಾನು ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತೇನೆ. ಇಂಡಿ, ಸಿಂದಗಿ ಕಡೆಯಿಂದ ಐಟಿಐ ಮುಗಿಸಿದ ಹುಡುಗರು ಬಂದು ಸೇರುತ್ತಿರುತ್ತಾರೆ. ಕಳೆದ ಸಲ ಬಂದವನ ಕೈಗೆ ಕೊಟ್ಟ ಡ್ರಾಯಿಂಗ್‌ನಲ್ಲಿ 250 ನ್ಯೂಟನ್ (ಬಲ ಅಳೆಯುವ ಮಾನ) ಅಂತಿತ್ತು, ಸ್ಪ್ರಿಂಗ್ ಒತ್ತಿ ನೋಡುವ ನಮ್ಮ ಟೆಸ್ಟರ್ ಹಳೇ ಕಾಲದ್ದು, ಡಯಲ್‌ನಲ್ಲಿ ಕೆಜಿ ಮಾತ್ರ, ಅವನು ಮುಳ್ಳು 250ಕ್ಕೆ ಬರಲಿ ಅಂತ ಹ್ಯಾಂಡಲ್ ಒತ್ತುತ್ತಲೇ ಹೋದ, ಸುರುಳಿಗೆ ಸುರುಳಿ ತಾಗಿದ ಮೇಲೂ ಬಿಡಲಿಲ್ಲ. ಕೈ ಬಿಟ್ಟಾಗ ಸ್ಪ್ರಿಂಗ್ ಮೊದಲಿನ ಎತ್ತರಕ್ಕೆ ಬರಲೇ ಇಲ್ಲ. "ಅಣ್ಣಾ, ಪೀಸ್ ಖರಾಬ್ ಅದ ರೀ" ಅಂದ. ಪೀಸ್ ಚೆನ್ನಾಗೇ ಇತ್ತು. ಅದಕ್ಕೆ ಬೇಕಾಗಿದ್ದದ್ದು ಬರೀ ಇಪ್ಪತ್ತೈದೂವರೆ ಕೆಜಿ ಒತ್ತು.

ಹಾಗಾಗಿ ಮೊದಲು ಅಂಕಿ ನೋಡಬೇಡಿ, ಅದರ ಪಕ್ಕದ ಅಕ್ಷರ ನೋಡಿ. ಮಾರ್ಕೆಟ್‌ನಲ್ಲಿ ಒಂದು ಕೆಜಿ ಈರುಳ್ಳಿ ತಗೊಂಡರೆ ಆ ಕೆಜಿ ಈರುಳ್ಳಿ ಎಷ್ಟಿದೆ ಅಂತ ಹೇಳುತ್ತದೆ. ಅದೇ ಈರುಳ್ಳಿ ಚೀಲ ನಿಮ್ಮ ಕೈಯನ್ನು ಕೆಳಕ್ಕೆ ಎಳೆಯುತ್ತದಲ್ವಾ, ಆ ಎಳೆತವೇ ಬಲ. ಅದು ಒಂದು ಕಿಲೋಗ್ರಾಂ-ಫೋರ್ಸ್, ಗಿಡ್ಡದಾಗಿ ಕೆಜಿಎಫ್. (ಕೋಲಾರದ ಚಿನ್ನದ ಗಣಿ ಅಲ್ಲ, ಹುಡುಗರು ಪ್ರತಿ ಸಲ ನಗುತ್ತಾರೆ.) ನಮ್ಮ ಡಯಲ್‌ನಲ್ಲಿ ಸುಮ್ನೆ ಕೆಜಿ ಅಂತ ಬರೆದಿದ್ದರೂ ಅದರ ಅರ್ಥ ಕೆಜಿಎಫ್. ಹಳೆಯ ಜರ್ಮನ್ ಮಷೀನಿನಲ್ಲಿ ಕಿಲೋಪಾಂಡ್ ಅಂತ ಕಂಡರೆ ಅದೂ ಇದೇ.

ಇನ್ನು ಕ್ಯಾಲ್ಕುಲೇಟರ್ ಮುಟ್ಟುವ ಮುಂಚೆ ಒಂದು ಪ್ರಶ್ನೆ: ಅಂಕಿ ದೊಡ್ಡದಾಗಬೇಕೋ, ಚಿಕ್ಕದಾಗಬೇಕೋ? ಜಾಸ್ತಿ ಜನ ತಪ್ಪುವುದು ಇಲ್ಲೇ. ಒಂದು ಕೆಜಿಎಫ್‌ಗೆ ಸುಮಾರು 9.8 ನ್ಯೂಟನ್ ಅನ್ನುವುದು ಎಲ್ಲರಿಗೂ ಬಾಯಿಪಾಠ, ಅದರಿಂದ ಗುಣಿಸಬೇಕೋ ಭಾಗಿಸಬೇಕೋ ಅನ್ನುವುದೇ ಮರೆತುಹೋಗುತ್ತದೆ. ನೂರು ಗ್ರಾಂ ಬೆಣ್ಣೆ ಪ್ಯಾಕೆಟ್ ಅಂಗೈ ಮೇಲೆ ಇಟ್ಟುಕೊಳ್ಳಿ. ಆ ಭಾರ ಸುಮಾರು ಒಂದು ನ್ಯೂಟನ್. ನ್ಯೂಟನ್ ಅಷ್ಟು ಪುಟ್ಟದು. ಪುಟ್ಟ ಲೋಟದಲ್ಲಿ ಅಳೆದರೆ ಲೋಟಗಳ ಲೆಕ್ಕ ಏರುತ್ತದೆ, ಅಷ್ಟೇ. ಕೆಜಿಎಫ್‌ನಿಂದ ನ್ಯೂಟನ್‌ಗೆ ಹೋದರೆ ಅಂಕಿ ಏರಬೇಕು, ಗುಣಿಸಿ. ವಾಪಸ್ ಬಂದರೆ ಇಳಿಯಬೇಕು, ಭಾಗಿಸಿ.

ಆಮೇಲೆ ಎಲ್ಲವನ್ನೂ ನ್ಯೂಟನ್ ಮೂಲಕವೇ ದಾಟಿಸಿ. ನೇರ ದಾರಿಗಳು ಇವೆ, ಆದರೆ ಅಷ್ಟೊಂದು ಗುಣಕ ನೆನಪಿಡುವುದು ಯಾಕೆ? ಎರಡು ಸಾಕು. ಒಂದು ಕೆಜಿಎಫ್ ಅಂದರೆ 9.80665 ನ್ಯೂಟನ್. ಒಂದು ಪೌಂಡ್-ಫೋರ್ಸ್ ಅಂದರೆ 4.448 ನ್ಯೂಟನ್.

ಅಮೆರಿಕದ ಗಿರಾಕಿಯ ಡ್ರಾಯಿಂಗ್‌ನಲ್ಲಿ 85 ಪೌಂಡ್-ಫೋರ್ಸ್ ಇದೆ ಅಂದುಕೊಳ್ಳಿ. 85 ಗುಣಿಸು 4.448, ಸುಮಾರು 378 ನ್ಯೂಟನ್. ಅದನ್ನು 9.80665ರಿಂದ ಭಾಗಿಸಿದರೆ 38.55 ಕೆಜಿಎಫ್. ಈಗ ಮನಸ್ಸಲ್ಲೇ ಒಮ್ಮೆ ನೋಡಿ: ಪೌಂಡ್ ಅರ್ಧ ಕೆಜಿಗಿಂತ ಸ್ವಲ್ಪ ಕಮ್ಮಿ, 85ರ ಅರ್ಧ 42 ಚಿಲ್ಲರೆ, ಅದಕ್ಕಿಂತ ಸ್ವಲ್ಪ ಕೆಳಗೆ 38. ಸರಿಹೋಯಿತು. 187 ಬಂದಿದ್ದರೆ ಎಲ್ಲೋ ಉಲ್ಟಾ ಆಗಿದೆ. ರೌಂಡ್ ಮಾಡುವುದು ಕೊನೆಗೆ, ನಡುವೆ ಬೇಡ.

ಈ 9.80665 ಬಂದದ್ದು ಭೂಮಿಯ ಗುರುತ್ವದಿಂದ. ಪುಣೆಯಲ್ಲಿ ಗುರುತ್ವ 9.78ರ ಆಸುಪಾಸು ಇದೆಯಲ್ಲ, ಅದನ್ನೇ ಹಾಕಬೇಕಲ್ವಾ ಅಂತ ಒಬ್ಬ ಹುಷಾರು ಹುಡುಗ ಕೇಳಿದ್ದ. ಪ್ರಶ್ನೆ ಚೆನ್ನಾಗಿದೆ. ಆದರೆ ಕೆಜಿಎಫ್‌ನ ಲೆಕ್ಕ ಊರಿಗೊಂದು ಆಗಬಾರದು ಅಂತಲೇ 1901ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಭೆ 9.80665 ಅಂತ ಗಟ್ಟಿ ಮಾಡಿಬಿಟ್ಟಿದೆ. ಪುಣೆಗೂ ಪ್ಯಾರಿಸ್‌ಗೂ ಅದೇ.

ಕಿಲೋನ್ಯೂಟನ್ ಅಂದರೆ ಸಾವಿರ ನ್ಯೂಟನ್, ಸುಮಾರು 102 ಕೆಜಿಎಫ್. ಲಾರಿಗೆ ಲೋಡ್ ಬಿಗಿಯುವ ಬೆಲ್ಟಿನ ಲೇಬಲ್ ಮೇಲೆ ಡೆಕಾನ್ಯೂಟನ್ ಇರುವುದುಂಟು. ಅದು ಹತ್ತು ನ್ಯೂಟನ್, ಅಂದರೆ ಹತ್ತಿರಹತ್ತಿರ ಒಂದು ಕೆಜಿಎಫ್. ಡೈನ್ ಅನ್ನುವುದು ಕಾಲೇಜ್ ಪುಸ್ತಕದಲ್ಲಿ ಸಿಗುತ್ತದೆ, ಒಂದು ಲಕ್ಷ ಡೈನ್ ಸೇರಿದರೆ ಒಂದು ನ್ಯೂಟನ್. ಶಾಪ್‌ನಲ್ಲಿ ನಾನಂತೂ ಕಂಡಿಲ್ಲ. ಪಿಎಸ್‌ಐಯನ್ನು (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಲೆಕ್ಕ) ಈ ಸಾಲಿಗೆ ಸೇರಿಸಬೇಡಿ, ಅದು ಒತ್ತಡ. ಅದರಿಂದ ಬಲ ತೆಗೆಯಲು ಸಿಲಿಂಡರಿನ ಅಡ್ಡಕೊಯ್ತದ ವಿಸ್ತೀರ್ಣವೂ ಬೇಕು.

ನಿಜವಾದ ತಲೆನೋವು ಟನ್. ಹೈಡ್ರಾಲಿಕ್ ಪ್ರೆಸ್ಸಿನ ಪ್ಲೇಟಿನ ಮೇಲೆ 20 ಟನ್ ಅಂತಿದ್ದರೆ ಯಾವ ಟನ್? ನಮ್ಮ ಮೆಟ್ರಿಕ್ ಟನ್ ಆದರೆ 196 ಕಿಲೋನ್ಯೂಟನ್. ಅಮೆರಿಕದ ಟನ್ 2000 ಪೌಂಡ್, ಅದರಲ್ಲಿ 178 ಮಾತ್ರ. ಹಳೆಯ ಬ್ರಿಟಿಷ್ ಟನ್ 2240 ಪೌಂಡ್, ಅದರಲ್ಲಿ 199. ಸೆಕೆಂಡ್‌ಹ್ಯಾಂಡ್ ಪ್ರೆಸ್ ತಗೊಳ್ಳುವಾಗ ಎಲ್ಲಿ ತಯಾರಾದದ್ದು ಅಂತ ಕೇಳಿ. ಗೊತ್ತಾಗದಿದ್ದರೆ 178 ಹಿಡಿದೇ ಕೆಲಸ ಮಾಡಿ.