ಗಗನಯಾತ್ರಿಗಳ ಹ್ಯಾಮ್ ರೇಡಿಯೋಗೆ ಚಂದಾ ಕೂಡಿಸಿದ ನನ್ನ ಅನುಭವ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರೇಡಿಯೋ ವ್ಯವಸ್ಥೆಗೆ ಅಮೆರಿಕದ ಕನ್ನಡ ಕುಟುಂಬಗಳಲ್ಲಿ ಚಂದಾ ಕೇಳಲು ಹೊರಟಾಗ ಎಲ್ಲರೂ ಮೊದಲು ಕೇಳುತ್ತಿದ್ದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: ಕೆಲವು ನೂರು ಡಾಲರಿಗೆ ಅಂಗಡಿಯಲ್ಲಿ ಸಿಗುವ ರೇಡಿಯೋಗೆ ಇಷ್ಟೊಂದು ಹಣ ಏಕೆ ಬೇಕು? ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ಕಲಿತ ಮೇಲೆಯೇ ಜನ ಮನಸ್ಸು ಬಿಚ್ಚಿ ಕೊಟ್ಟರು. ಇಲ್ಲಿ ಹಣ ಖರ್ಚಾಗುವುದು ರೇಡಿಯೋ ಕೊಳ್ಳುವುದಕ್ಕಲ್ಲ, ಅದು ಗಗನಯಾತ್ರಿಗಳಿಗೆ ಅಪಾಯ ತರುವುದಿಲ್ಲವೆಂದು ಸಾಬೀತುಪಡಿಸುವುದಕ್ಕೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1983ರಲ್ಲಿ ಕೊಲಂಬಿಯಾ ನೌಕೆಯ ಎಸ್‌ಟಿಎಸ್-9 ಯಾನದಲ್ಲಿ ಗಗನಯಾತ್ರಿ ಓವೆನ್ ಗ್ಯಾರಿಯಟ್ ಅವರು ಕೈಯಲ್ಲಿ ಹಿಡಿಯುವ ರೇಡಿಯೋ ಸೆಟ್ಟು ಮತ್ತು ಕಿಟಕಿಯಲ್ಲಿರಿಸಿದ ಆಂಟೆನಾದಿಂದ ಭೂಮಿಯ ಹವ್ಯಾಸಿ ರೇಡಿಯೋ ಬಳಕೆದಾರರಾದ ಹ್ಯಾಮ್‌ಗಳೊಂದಿಗೆ ಮಾತನಾಡಿದರು. ನಿಲ್ದಾಣಕ್ಕೆ ಶಾಶ್ವತವಾದ ವ್ಯವಸ್ಥೆ ಬೇಕೆಂದು ಹಲವು ದೇಶಗಳ ಹ್ಯಾಮ್ ಸಂಘಗಳು 1996ರಲ್ಲಿ ಎಆರ್‌ಐಎಸ್‌ಎಸ್ ಎಂಬ ಒಕ್ಕೂಟ ಕಟ್ಟಿದವು. 2000ದ ಡಿಸೆಂಬರಿನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಶಾಲೆಯೊಂದರ ಮಕ್ಕಳು ನಿಲ್ದಾಣದಲ್ಲಿದ್ದ ವಿಲಿಯಂ ಶೆಪರ್ಡ್ ಅವರೊಂದಿಗೆ ಮಾತನಾಡಿದ್ದು ಶಾಲಾ ಸಂಪರ್ಕಗಳ ಆರಂಭ. ಅಂದಿನ ಸೆಟ್ಟುಗಳು ವರ್ಷಗಳು ಕಳೆದಂತೆ ಹಳೆಯದಾದವು. ಅವುಗಳ ಜಾಗದಲ್ಲಿ ಕೆನ್‌ವುಡ್ ಡಿ710ಜಿಎ ರೇಡಿಯೋ ಮತ್ತು ಅದಕ್ಕೆಂದೇ ಸ್ವಯಂಸೇವಕರು ವಿನ್ಯಾಸಗೊಳಿಸಿದ ವಿದ್ಯುತ್ ಪೂರೈಕೆ ಪೆಟ್ಟಿಗೆ ಸೇರಿದ ಹೊಸ ವ್ಯವಸ್ಥೆಯನ್ನು ಇರಿಸಬೇಕಾಗಿತ್ತು. ವೃತ್ತಿಯಿಂದ ವಿದ್ಯುನ್ಮಾನ ಎಂಜಿನಿಯರ್ ಆದ ನಾನು ಬಿಡುವಿನ ವೇಳೆಯಲ್ಲಿ ಕೈಜೋಡಿಸಿದ್ದು ವೈರಿಂಗ್ ಕೆಲಸಕ್ಕೆ. ಚಂದಾ ಕೂಡಿಸುವ ಕೆಲಸ ಆಮೇಲೆ ತಾನಾಗಿ ಹೆಗಲಿಗೆ ಬಂತು.

ಪೆಟ್ಟಿಗೆಯೇ ಈ ವ್ಯವಸ್ಥೆಯ ಹೃದಯ. ನಿಲ್ದಾಣದ ಅಮೆರಿಕನ್ ಭಾಗದಲ್ಲಿ 120 ವೋಲ್ಟ್ ನೇರ ವಿದ್ಯುತ್ತು, ರಷ್ಯನ್ ಭಾಗದಲ್ಲಿ 28 ವೋಲ್ಟ್. ರೇಡಿಯೋಗೆ ಬೇಕಾದದ್ದು ನಮ್ಮ ಕಾರುಗಳಲ್ಲಿರುವಂತೆ 13.8 ವೋಲ್ಟ್. ಎರಡೂ ಕಡೆ ನಡೆಯುವ ಒಂದೇ ಪೆಟ್ಟಿಗೆಯಿದ್ದರೆ ತರಬೇತಿ, ಬಿಡಿಭಾಗ, ದುರಸ್ತಿ ಎಲ್ಲವೂ ಒಂದೇ ಆಗುತ್ತದೆ. ಆದರೆ 120 ವೋಲ್ಟ್ ನೇರ ವಿದ್ಯುತ್ತಿನ ಪ್ಲಗ್ಗನ್ನು ಚಾಲನೆಯಲ್ಲಿರುವಾಗಲೇ ಎಳೆದರೆ ಕಿಡಿ ಹಾರುತ್ತದೆ. ಆದ್ದರಿಂದ ಗಗನಯಾತ್ರಿಯ ಕೈ ಪ್ಲಗ್ಗಿಗೆ ತಾಗುವ ಮುನ್ನ ಪ್ಲಗ್ಗಿಗೆ ವಿದ್ಯುತ್ತು ಬರುವ ಹಾದಿಯಲ್ಲಿ ಮೊದಲೇ ಅದು ಕಡಿದಿರುತ್ತದೆ ಎಂಬುದನ್ನು ನಾವು ತೋರಿಸಿಕೊಡಬೇಕು. ಶಾಖದ ವಿಷಯವೂ ಹಾಗೆಯೇ. ಭೂಮಿಯಲ್ಲಿ ಬಿಸಿಗಾಳಿ ತಾನಾಗಿ ಮೇಲೇರಿ ತಂಪುಗಾಳಿಗೆ ಜಾಗ ಕೊಡುತ್ತದೆ. ತೂಕವಿಲ್ಲದ ಕಡೆ ಬಿಸಿಗಾಳಿ ಸಲಕರಣೆಯ ಸುತ್ತಲೇ ಕಂಬಳಿಯಂತೆ ಹೊದ್ದು ಕೂರುತ್ತದೆ. ಫ್ಯಾನು ನಿಂತರೂ ಪೆಟ್ಟಿಗೆಯ ಹೊರಮೈ ಕೈ ಸುಡುವಷ್ಟು ಕಾಯಬಾರದು. ಇದನ್ನು ಲೆಕ್ಕದಲ್ಲಿ ತೋರಿಸಿದರಷ್ಟೇ ಸಾಲದು, ಅಳೆದೂ ತೋರಿಸಬೇಕು.

ನನ್ನ ಪಾಲಿನ ಕೆಲಸ ಹೊರಗಿನವರಿಗೆ ತೀರಾ ಸಣ್ಣದೆನಿಸಬಹುದು. ವೈರಿನ ತುದಿಗೆ ಲೋಹದ ಪಿನ್ನನ್ನು ಉಪಕರಣದಿಂದ ಹಿಸುಕಿ ಕೂರಿಸುವುದಕ್ಕೆ ಕ್ರಿಂಪ್ ಮಾಡುವುದು ಎನ್ನುತ್ತಾರೆ. ಹಾರಾಟದ ಕೇಬಲ್ಲಿಗೆ ಕೈ ಹಾಕುವ ಮುನ್ನ ಅದೇ ವೈರು, ಅದೇ ಪಿನ್ನು, ಅದೇ ಉಪಕರಣದಿಂದ ಮಾದರಿ ಕ್ರಿಂಪ್‌ಗಳನ್ನು ಮಾಡಿ, ಅವು ಕಿತ್ತುಬರುವವರೆಗೆ ಯಂತ್ರದಿಂದ ಎಳೆದು, ಎಷ್ಟು ಬಲಕ್ಕೆ ಕಿತ್ತವೆಂದು ಬರೆದಿಡಬೇಕು. ವೈರು ಯಾವ ತಯಾರಿಕಾ ಬ್ಯಾಚಿನದು, ಉಪಕರಣವನ್ನು ಕೊನೆಯ ಬಾರಿ ಯಾವಾಗ ಪರಿಶೀಲಿಸಲಾಯಿತು, ಕೆಲಸ ಮಾಡಿದವರು ಯಾರು, ನೋಡಿ ಒಪ್ಪಿದವರು ಯಾರು ಎಂಬುದೆಲ್ಲ ದಾಖಲೆಯಲ್ಲಿರಬೇಕು. ಸಾಮಾನ್ಯ ಪಿವಿಸಿ ಹೊದಿಕೆಯ ವೈರನ್ನು ಬಳಸುವಂತಿಲ್ಲ, ಏಕೆಂದರೆ ಅದು ಸುಟ್ಟರೆ ಹೊರಬರುವ ಹೊಗೆ ಮುಚ್ಚಿದ ಕೋಣೆಯಲ್ಲಿರುವವರಿಗೆ ಮಾರಕ. ಕಂಪನ, ವಿದ್ಯುತ್ಕಾಂತೀಯ ಅಡಚಣೆ, ಸಲಕರಣೆಯಿಂದ ಹೊರಸೂಸುವ ಆವಿ, ಚೂಪಾದ ಅಂಚು ಇವೆಲ್ಲಕ್ಕೂ ಒಂದೊಂದು ಪರೀಕ್ಷೆಯಿದೆ, ಒಂದೊಂದು ವರದಿಯಿದೆ. ಈ ಶಿಸ್ತು ನನಗೆ ಎಂದೂ ಹೊರೆ ಎನಿಸಲಿಲ್ಲ. ಮನುಷ್ಯರು ಉಸಿರಾಡುವ ಕೋಣೆಗೆ ನಾವು ಕೈಯಾರೆ ಮಾಡಿದ ವಸ್ತುವನ್ನು ಕಳಿಸುವಾಗ ಇಷ್ಟು ಎಚ್ಚರ ಇರಲೇಬೇಕು.

ಚಂದಾ ಕೇಳುವಾಗ ನಾನು ಈ ವಿವರಗಳನ್ನೇ ಜನರ ಮುಂದಿಟ್ಟೆ. ರಾಜ್ಯೋತ್ಸವದ ಸಭೆಗಳಲ್ಲಿ ರಾಕೆಟ್ಟಿನ ಚಿತ್ರ ತೋರಿಸಿದಾಗ ಚಪ್ಪಾಳೆ ಬರುತ್ತಿತ್ತು, ಚೆಕ್ಕು ಬರುತ್ತಿರಲಿಲ್ಲ. ಕಿತ್ತುಬಂದ ಮಾದರಿ ಕ್ರಿಂಪ್‌ಗಳನ್ನು ಕೈಗೆ ಕೊಟ್ಟು, ಅವುಗಳ ದಾಖಲೆಯ ಹಾಳೆಯನ್ನು ಪಕ್ಕದಲ್ಲಿಟ್ಟಾಗ ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಓದಿದರು. ನಾಸಾ ಸಲಕರಣೆಯನ್ನು ಹೊತ್ತೊಯ್ಯುತ್ತದೆ, ಆದರೆ ಅದನ್ನು ಕಟ್ಟುವ ಖರ್ಚಿನ ಬಹುಪಾಲನ್ನು ಹ್ಯಾಮ್ ಸಂಘಗಳು ಮತ್ತು ದಾನಿಗಳೇ ಹೊರಬೇಕು ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಅಮೆರಿಕದ ಹಲವು ಕಂಪನಿಗಳು ನೌಕರರು ಕೊಟ್ಟಷ್ಟೇ ದಾನವನ್ನು ತಾವೂ ಸೇರಿಸುತ್ತವೆ. ಆದರೆ ಹಣ ಪಡೆಯುವ ಸಂಸ್ಥೆ ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆಯಾಗಿರಬೇಕು. ಈ ಅರ್ಜಿ ತುಂಬುವುದಕ್ಕೆ ನಾನೇ ಪಕ್ಕದಲ್ಲಿ ಕುಳಿತು ನೆರವಾಗುತ್ತಿದ್ದೆ. ಒಮ್ಮೆಲೇ ಬರುವ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಬರುವ ಸಣ್ಣ ಮೊತ್ತಗಳೇ ನನ್ನ ಅನುಭವದಲ್ಲಿ ಹೆಚ್ಚು ಉಪಯೋಗಕ್ಕೆ ಬಂದವು, ಏಕೆಂದರೆ ಪರೀಕ್ಷೆಯ ಬಿಲ್ಲುಗಳು ನಾವು ಎಣಿಸಿದ ಕಾಲಕ್ಕೆ ಬರುವುದಿಲ್ಲ. ಜೊತೆಗೆ ಒಂದೇ ಘಟಕ ಕಟ್ಟಿದರೆ ಮುಗಿಯಲಿಲ್ಲ: ಹಾರುವುದಕ್ಕೊಂದು, ಅದು ಕೆಟ್ಟರೆ ಕಳಿಸುವುದಕ್ಕೊಂದು, ಗಗನಯಾತ್ರಿಗಳ ತರಬೇತಿಗೊಂದು, ಪರೀಕ್ಷೆಗೆಂದೇ ಒಂದು ಹೀಗೆ ಹಲವು ಬೇಕು.

2020ರ ಮಾರ್ಚಿನಲ್ಲಿ ಸ್ಪೇಸ್‌ಎಕ್ಸ್ ಸರಕು ನೌಕೆಯಲ್ಲಿ ವ್ಯವಸ್ಥೆ ಮೇಲೇರಿತು; ಅದೇ ವರ್ಷದ ಸೆಪ್ಟೆಂಬರ್ 2ರಂದು ನಿಲ್ದಾಣದ ಯುರೋಪಿಯನ್ ಪ್ರಯೋಗಾಲಯ ಭಾಗವಾದ ಕೊಲಂಬಸ್ ಮಾಡ್ಯೂಲಿನಲ್ಲಿ ರಿಪೀಟರ್ ಆಗಿ ಕೆಲಸ ಶುರುಮಾಡಿತು. 145.990 ಮೆಗಾಹರ್ಟ್ಸ್‌ನಲ್ಲಿ ಕೇಳಿದ್ದನ್ನು 437.800 ಮೆಗಾಹರ್ಟ್ಸ್‌ನಲ್ಲಿ ಮರುಪ್ರಸಾರ ಮಾಡುವ ಈ ರಿಪೀಟರನ್ನು ಪರವಾನಗಿಯುಳ್ಳ ಯಾವ ಹ್ಯಾಮ್ ಆದರೂ ಬಳಸಬಹುದು. ಚಂದಾ ಕೊಟ್ಟ ಮನೆಗಳಿಗೆ ನಾನು ಈ ಎರಡು ಸಂಖ್ಯೆಗಳನ್ನು ಬರೆದು ಕಳಿಸಿದೆ.

2025ರ ಜುಲೈನಲ್ಲಿ ಭಾರತೀಯ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ನಿಲ್ದಾಣದಿಂದ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳೊಂದಿಗೆ ಹ್ಯಾಮ್ ರೇಡಿಯೋ ಮೂಲಕ ಮಾತನಾಡಿದ ಮೇಲೆ, ಭಾರತದ್ದೇ ಆದ ನಿಲ್ದಾಣಕ್ಕೂ ಇಂಥದೊಂದನ್ನು ಕಟ್ಟಬಹುದೇ ಎಂದು ಊರಿನ ಗೆಳೆಯರು ನನ್ನನ್ನು ಕೇಳುತ್ತಿದ್ದಾರೆ. ಖಂಡಿತ ಕಟ್ಟಬಹುದು, ಆದರೆ ರೇಡಿಯೋದಿಂದ ಆರಂಭಿಸಬಾರದು. ಕೊಲಂಬಸ್ ಮಾಡ್ಯೂಲಿನ ಹೊರಮೈಗೆ ಹ್ಯಾಮ್ ಆಂಟೆನಾಗಳನ್ನು ಅದು ಇನ್ನೂ ಭೂಮಿಯ ಮೇಲಿದ್ದಾಗಲೇ ಜೋಡಿಸಲಾಗಿತ್ತು. ಮಾಡ್ಯೂಲು ಕಕ್ಷೆ ಸೇರಿದ ಮೇಲೆ ಅದೇ ಕೆಲಸಕ್ಕೆ ಬಾಹ್ಯಾಕಾಶ ನಡಿಗೆ ಬೇಕಾಗುತ್ತದೆ. ಆದ್ದರಿಂದ ಭಾರತೀಯ ಅಂತರಿಕ್ಷ ನಿಲ್ದಾಣದ ಗೋಡೆಯ ನಕ್ಷೆ ಅಂತಿಮವಾಗುವ ಮುನ್ನವೇ ಒಂದು ಆಂಟೆನಾ, ಕೇಬಲ್ ಹಾಯುವ ಒಂದು ದಾರಿ ಮತ್ತು ಒಂದು ವಿದ್ಯುತ್ ಸಾಕೆಟ್ಟಿಗಾಗಿ ನಮ್ಮ ಹ್ಯಾಮ್ ಸಂಘಗಳು ಒಟ್ಟಾಗಿ ಬರೆದು ಕೇಳಬೇಕು, ಆ ಪತ್ರದ ಜೊತೆಗೇ ಪರೀಕ್ಷೆಗಳ ಖರ್ಚಿಗೆ ನಿಧಿಯೊಂದನ್ನು ತೆರೆಯಬೇಕು.